ಪಾಸ್‌ವರ್ಡ್ ಬದಲಾಯಿಸಿದರೆ ಮುಗೀತು ಅಂತ ನಂಬಬೇಡಿ, ಮೇಲ್‌ನ ಫಿಲ್ಟರ್ ತೆಗೆದು ನೋಡಿ

ಆಫೀಸಿನ ಮೇಲ್ ಬಳಸುವವರು, ಅದರಲ್ಲೂ ಹೊರದೇಶಕ್ಕೆ ಮಾಲು ಕಳಿಸುವವರು, ಮೊದಲು ವೆಬ್‌ಮೇಲ್‌ನ ಸೆಟ್ಟಿಂಗ್ಸ್ ಒಳಗೆ ಹೋಗಿ. ಅಲ್ಲಿ 'ಫಿಲ್ಟರ್ಸ್' ಅಂತ ಇರುತ್ತೆ, ಅಂದರೆ ಬರುವ ಮೇಲ್ ತಾನಾಗಿಯೇ ಎಲ್ಲಿಗೆ ಹೋಗಬೇಕು ಅನ್ನೋ ನಿಯಮಗಳು. ನೀವು ಮಾಡದ ಫಿಲ್ಟರ್ ಏನಾದರೂ ಕಂಡರೆ ಫೋಟೋ ತೆಗೆದಿಟ್ಟುಕೊಂಡು ಅಳಿಸಿ. ಆಮೇಲೆ ಬಂದು ಇದನ್ನು ಓದಿ.

ನಮ್ಮದು ಪುತ್ತೂರು ಕಡೆ ಅಡಿಕೆ ಹಾಳೆ ತಟ್ಟೆ ಮಾಡುವ ಸಣ್ಣ ಯೂನಿಟ್. ಜರ್ಮನಿಯ ಒಬ್ಬ ಬೈಯರ್ ಹಲವು ವರ್ಷಗಳಿಂದ ನಮ್ಮಿಂದಲೇ ತಗೊಳ್ಳುತ್ತಿದ್ದಾರೆ. ವ್ಯವಹಾರ ಎಲ್ಲರಿಗೂ ಗೊತ್ತಿರುವಂಥದ್ದೇ. 30 ಪರ್ಸೆಂಟ್ ಅಡ್ವಾನ್ಸ್, ಮಾಲು ಹಡಗಿಗೆ ಹತ್ತಿದ್ದಕ್ಕೆ ಹಡಗು ಕಂಪನಿ ಕೊಡುವ ರಸೀದಿ, ಅಂದರೆ ಬಿಎಲ್‌ನ ಕಾಪಿ ಮೇಲ್ ಮಾಡಿದ ಮೇಲೆ ಉಳಿದ 70. ಮೂಲ ಬಿಎಲ್ ಸಿಗದೆ ಬೈಯರ್ ಮಾಲು ಬಿಡಿಸಿಕೊಳ್ಳಲು ಆಗಲ್ಲ. ಒಮ್ಮೆಯೂ ತಕರಾರು ಬಂದಿರಲಿಲ್ಲ.

ಶುರುವಾಗಿದ್ದು 'ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಇಲ್ಲಿ ಲಾಗಿನ್ ಆಗಿ' ಅನ್ನೋ ಮೇಲ್‌ನಿಂದ. ಅಕೌಂಟ್ಸ್ ನೋಡುವ ಹುಡುಗಿ ಲಾಗಿನ್ ಆದಳು. ಅವಳನ್ನು ಬಯ್ಯಲು ನನಗೆ ಮನಸ್ಸಿಲ್ಲ. ಯಾಕೆಂದರೆ ನಮ್ಮ ಮೇಲ್‌ಬಾಕ್ಸ್ ನಿಜವಾಗಿಯೂ ಆಗಾಗ ತುಂಬುತ್ತಿತ್ತು! ವೆಬ್‌ಸೈಟ್ ಮಾಡಿಕೊಟ್ಟ ಪುಣ್ಯಾತ್ಮ ಅತಿ ಅಗ್ಗದ ಪ್ಲಾನ್ ಹಾಕಿಕೊಟ್ಟಿದ್ದ. ಹೋಸ್ಟಿಂಗ್ ಕಡೆಯಿಂದ ಬರುವ ಅಸಲಿ ಮೇಲ್ ಕೂಡ ಹಾಗೇ ಇರುತ್ತಿತ್ತು, ಅದೇ ಬಣ್ಣ, ಅದೇ ಮಾತು. ಲಾಗಿನ್ ಪುಟ ಯಾಕೋ ಸರಿ ಇಲ್ಲ ಅಂತ ಅವಳೇ ಅವತ್ತೇ ಸಂಜೆ ನನಗೆ ಹೇಳಿದಳು. ನಾನು ಅವತ್ತೇ ಆ ವೆಬ್‌ಸೈಟ್‌ನವನಿಗೆ ಫೋನ್ ಮಾಡಿದೆ.

"ಮೇಡಂ, ಟೆನ್ಷನ್ ತಗೋಬೇಡಿ. ಪಾಸ್‌ವರ್ಡ್ ಚೇಂಜ್ ಮಾಡಿ, ಅಷ್ಟೇ. ಮುಗೀತು."

ಮುಗೀತು ಅಂದ. ಈ ಮಾತನ್ನು ನಾನು ಮರೆಯಲ್ಲ. ನಾವು ಪಾಸ್‌ವರ್ಡ್ ಬದಲಾಯಿಸಿದೆವು. ಅಷ್ಟು ಹೊತ್ತಿಗೆ ಕಳ್ಳ ಒಳಗೆ ಬಂದು, ಹಳೇ ಇನ್‌ವಾಯ್ಸ್‌ಗಳನ್ನೆಲ್ಲ ಇಳಿಸಿಕೊಂಡು, ಒಂದು ಫಿಲ್ಟರ್ ಹಾಕಿ ಹೋಗಿದ್ದ. ಆ ಫಿಲ್ಟರ್‌ಗೆ ಹೆಸರೂ ಇಲ್ಲ, ಬರೀ ಒಂದು ಚುಕ್ಕಿ. ಆ ಬೈಯರ್‌ನಿಂದ ಬರುವ ಮೇಲ್‌ನಲ್ಲಿ ಇನ್‌ವಾಯ್ಸ್, ಪೇಮೆಂಟ್, ಬ್ಯಾಂಕ್ ಅನ್ನೋ ಪದ ಇದ್ದರೆ ಒಂದು ಪ್ರತಿ ಹೊರಗಿನ ವಿಳಾಸಕ್ಕೆ ಹೋಗಬೇಕು, ನಮ್ಮ ಇನ್‌ಬಾಕ್ಸ್‌ಗೆ ಬರಬಾರದು, ಸೀದಾ ಟ್ರಾಶ್‌ಗೆ ಬೀಳಬೇಕು. ಪಾಸ್‌ವರ್ಡ್ ಬದಲಾಯಿಸಿದರೆ ಫಿಲ್ಟರ್ ಅಳಿಯಲ್ಲ. ಯಾರೂ ನಮಗೆ ಹೇಳಲಿಲ್ಲ. ನಾವು ಬೀಗ ಬದಲಾಯಿಸಿ ಕೂತಿದ್ದೆವು, ಗೋಡೆಯಲ್ಲಿ ಕನ್ನ ಹಾಗೇ ಇತ್ತು.

ಮಂಗಳೂರಿನಿಂದ ಕಂಟೇನರ್ ಹೊರಟಿತು. ಬಿಎಲ್ ಕಾಪಿ ಕಳಿಸಿದೆವು. ಉತ್ತರ ಇಲ್ಲ. ನೆನಪಿಸಿ ಮತ್ತೆ ಮೇಲ್ ಮಾಡಿದೆವು. ಉತ್ತರ ಇಲ್ಲ. ರಜೆಯಲ್ಲಿರಬಹುದು ಅಂತ ಸುಮ್ನೆ ಇದ್ದೆವು. ಕೊನೆಗೆ ನಾನೇ ಫೋನ್ ಮಾಡಿದೆ. ಆ ಕಡೆಯ ಮನುಷ್ಯ ನಗುತ್ತಾ ಹೇಳಿದ, "ದುಡ್ಡು ಆಗಲೇ ಕಳಿಸಿಯಾಯಿತಲ್ಲ. ನಿಮ್ಮ ಹೊಸ ಅಕೌಂಟ್‌ಗೆ."

ಹೊಸ ಅಕೌಂಟ್? ಯಾವ ಹೊಸ ಅಕೌಂಟ್?

ವಾಟ್ಸಾಪ್‌ನಲ್ಲಿ ಪೇಮೆಂಟ್ ಕಾಪಿ ಬಂತು. ಹೆಸರು ನಮ್ಮದೇ, ಇನ್‌ವಾಯ್ಸ್ ನಂಬರ್ ನಮ್ಮದೇ, ಮೊತ್ತ ಪೈಸೆ ಸಮೇತ ಸರಿ. ಅಕೌಂಟ್ ನಂಬರ್ ಇರಬೇಕಾದ ಕಡೆ ಮಾತ್ರ ಯೂರೋಪಿನ ಒಂದು ಐಬಾನ್, ಅಂದರೆ ಅಲ್ಲಿನ ಬ್ಯಾಂಕುಗಳು ಬಳಸುವ ಅಂತರರಾಷ್ಟ್ರೀಯ ಖಾತೆ ಸಂಖ್ಯೆ. ನಮ್ಮ ದೇಶದ ಬ್ಯಾಂಕುಗಳಲ್ಲಿ ಐಬಾನ್ ಅನ್ನೋದೇ ಇಲ್ಲ! ಜೊತೆಗೆ ಅವರಿಗೆ ಬಂದಿದ್ದ ಮೇಲ್ ಕೂಡ ಕಳಿಸಿದರು. 'ಭಾರತದ ಖಾತೆಗೆ ಆಡಿಟ್ ನಡೆಯುತ್ತಿದೆ, ಈ ಸಲ ಯೂರೋಪಿನ ನಮ್ಮ ಖಾತೆಗೆ ಹಾಕಿ.' ಕೆಳಗೆ ನನ್ನ ಹೆಸರು, ನಮ್ಮ ಲೋಗೋ, ನಮ್ಮ ಹಳೇ ಮಾತುಕತೆ ಎಲ್ಲ ಹಾಗೇ. ಕಳಿಸಿದ ವಿಳಾಸದಲ್ಲಿ 'ಎಂ' ಇರಬೇಕಾದ ಕಡೆ ಇಂಗ್ಲಿಷಿನ 'ಆರ್' ಮತ್ತು 'ಎನ್' ಪಕ್ಕ ಪಕ್ಕ ಕೂತಿದ್ದವು. ಮೊಬೈಲ್‌ನಲ್ಲಿ ನೋಡಿದರೆ ದೇವರಿಗೂ ಗೊತ್ತಾಗಲ್ಲ. ಕೈಯಲ್ಲಿ ಫೋನ್ ಹಿಡಿದುಕೊಂಡು ಯಾರಿಗೆ ಏನು ಹೇಳಬೇಕು ಅಂತ ತಿಳಿಯದೆ ಕೂತುಬಿಟ್ಟೆ. ಲೋಡಿಂಗ್ ಹುಡುಗರು ಚಹಾ ಕುಡಿಯುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು.

ಇನ್ನು ಉತ್ತರಗಳನ್ನು ಕೇಳಿ. ಬೈಯರ್ ಬರೆದಿದ್ದು: "ನಿಮ್ಮ ಮೇಲ್‌ನಲ್ಲಿ ಹೇಳಿದಂತೆ ನಮ್ಮ ಪೇಮೆಂಟ್ ಪೂರ್ತಿಯಾಗಿದೆ. ಮೂಲ ಬಿಎಲ್ ಬೇಗ ಬಿಡುಗಡೆ ಮಾಡಿ." ಅಲ್ರೀ, ಇಷ್ಟು ವರ್ಷ ಮಂಗಳೂರಿನ ಖಾತೆಗೆ ಹಾಕಿದವರು, ಈಗ ಬೇರೆ ದೇಶದ ಖಾತೆ ಕಂಡಾಗ ಒಂದು ಫೋನ್ ಮಾಡಬಾರದಿತ್ತಾ? ಕೇಳಿದರೆ "ಮೇಲ್ ಮಾಡಿ ಕೇಳಿದ್ದೆವು, ನೀವೇ ಹೌದು ಅಂದಿರಿ" ಅಂತಾರೆ. ಕೇಳಿದ್ದು ನಿಜ. ಆ ಮೇಲ್ ನಮ್ಮ ಟ್ರಾಶ್‌ನಲ್ಲಿ ಸಿಕ್ಕಿತು. ಹೌದು ಅಂದಿದ್ದು ಕಳ್ಳ. ಯೂರೋ ಬಳಸುವ ದೇಶಗಳಲ್ಲಿ ಹೆಸರು ಮತ್ತು ಐಬಾನ್ ತಾಳೆಯಾಗುತ್ತಾ ಅಂತ ಬ್ಯಾಂಕೇ ನೋಡಿ ಹೇಳಬೇಕು ಅನ್ನೋ ನಿಯಮ 2025ರ ಅಕ್ಟೋಬರ್ 9ರಿಂದ ಬಂದಿದೆ. ನಮ್ಮ ದುಡ್ಡು ಹೋಗಿದ್ದು ಅದಕ್ಕೂ ಮೊದಲು. ನಮ್ಮ ಹಣೆಬರಹ.

ವೆಬ್‌ಸೈಟ್‌ನವನ ಉತ್ತರ ಇನ್ನೂ ಚೆಂದ. "ಫಿಲ್ಟರ್ ನೀವೇ ಹಾಕಿರಬಹುದು ಮೇಡಂ." ನಾನು! ಚುಕ್ಕಿ ಹೆಸರಿನ ಫಿಲ್ಟರ್! ಹೊರಗಿನಿಂದ ಯಾರು ಲಾಗಿನ್ ಆಗಿದ್ದರು ಅಂತ ಲಾಗ್ ಕೊಡಿ ಅಂದರೆ "ಅಷ್ಟು ಹಳೇದು ಇಡಲ್ಲ ಮೇಡಂ, ಸರ್ವರ್‌ನಲ್ಲಿ ಏನೂ ಪ್ರಾಬ್ಲಂ ಇಲ್ಲ, ಟೆನ್ಷನ್ ತಗೋಬೇಡಿ."

ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ, ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೂ ಹೋದೆ. ದೂರು ತಗೊಂಡರು, ಮರ್ಯಾದೆಯಿಂದಲೇ ಮಾತಾಡಿದರು. ಆದರೆ ದುಡ್ಡು ಭಾರತದ ಯಾವ ಖಾತೆಗೂ ಬಂದೇ ಇಲ್ಲ, ಇಲ್ಲಿ ತಡೆಹಿಡಿಯಲು ಏನಿದೆ? ಕಳಿಸಿದವರ ಬ್ಯಾಂಕೇ ವಾಪಸ್ ಕೇಳಬೇಕು. ಬೈಯರ್ ಅದನ್ನೂ ನಿಧಾನಕ್ಕೆ ಮಾಡಿದರು. ಇತ್ತ ನಮ್ಮ ಬ್ಯಾಂಕಿನವರು ಶಿಪ್ಪಿಂಗ್ ಬಿಲ್ (ರಫ್ತಿಗೆ ಕಸ್ಟಮ್ಸ್‌ಗೆ ಕೊಟ್ಟ ದಾಖಲೆ) ಇನ್ನೂ ಬಾಕಿ ತೋರಿಸುತ್ತಿದೆ, ದುಡ್ಡು ಯಾವಾಗ ಬರುತ್ತೆ ಅಂತ ನನ್ನನ್ನೇ ಕೇಳುತ್ತಾರೆ. ಕಂಟೇನರ್ ಹ್ಯಾಂಬರ್ಗ್‌ನಲ್ಲಿ ಬಾಡಿಗೆ ಏರಿಸಿಕೊಂಡು ಕೂತಿತ್ತು. ಕೊನೆಗೆ ಬಾಕಿಯಲ್ಲಿ ಅರ್ಧ ಮಾತ್ರ ತಗೊಂಡು ಬಿಎಲ್ ಬಿಟ್ಟೆವು.

ಜಿಮೇಲ್ ಇದ್ದವರು 'ಫಿಲ್ಟರ್ಸ್ ಅಂಡ್ ಬ್ಲಾಕ್ಡ್ ಅಡ್ರೆಸಸ್' ಮತ್ತು 'ಫಾರ್ವರ್ಡಿಂಗ್' ಎರಡನ್ನೂ ಕಂಪ್ಯೂಟರ್‌ನಲ್ಲಿ ತೆಗೆದು ನೋಡಿ. ಇನ್‌ಬಾಕ್ಸ್‌ನ ಕೆಳಗೆ ಬಲಗಡೆ 'ಡೀಟೇಲ್ಸ್' ಒತ್ತಿದರೆ ಇತ್ತೀಚೆಗೆ ಎಲ್ಲಿಂದ ಲಾಗಿನ್ ಆಗಿದೆ ಅಂತ ಕಾಣುತ್ತೆ. ಟ್ರಾಶ್ ಆಗಾಗ ನೋಡಿ, ಜಿಮೇಲ್‌ನಲ್ಲಿ ಅದು 30 ದಿನಕ್ಕೆ ತಾನೇ ಖಾಲಿಯಾಗುತ್ತೆ, ಸಾಕ್ಷಿಯೂ ಹೋಗುತ್ತೆ. ಎರಡು ಹಂತದ ಲಾಗಿನ್ ಹಾಕಿಕೊಳ್ಳಿ. ಬೈಯರ್‌ಗೆ ಹೇಳಿಡಿ: ಹೊರದೇಶದಿಂದ ದುಡ್ಡು ಕಳಿಸಲು ಬಳಸುವ ಬ್ಯಾಂಕಿನ ಸ್ವಿಫ್ಟ್ ಕೋಡಿನ ಐದನೇ, ಆರನೇ ಅಕ್ಷರ 'ಐಎನ್' ಅಲ್ಲದಿದ್ದರೆ ಅದು ಭಾರತದಲ್ಲಿರುವ ಬ್ಯಾಂಕ್ ಅಲ್ಲ, ನಿಲ್ಲಿಸಿ ಫೋನ್ ಮಾಡಿ. ಮೇಲ್ ಮಾಡಿ ಕೇಳಬೇಡಿ, ಫೋನ್ ಮಾಡಿ.

ಇನ್ನೊಂದು. ಮೇಲ್ ಬೇರೆ ಕಡೆಗೆ ಬದಲಾಯಿಸೋಣ ಅಂತ ಹೋದರೆ, ನಮ್ಮ ಡೊಮೇನ್, ಅಂದರೆ ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು, ಆ ವೆಬ್‌ಸೈಟ್‌ನವನ ಹೆಸರಿನಲ್ಲೇ ರಿಜಿಸ್ಟರ್ ಆಗಿದೆ. ಬಿಟ್ಟುಕೊಡು ಅಂದರೆ "ನೋಡೋಣ ಮೇಡಂ, ಹಳೇ ಬ್ಯಾಲೆನ್ಸ್ ಕ್ಲಿಯರ್ ಮಾಡಿ" ಅಂತಾನೆ. ನಿಮ್ಮ ಡೊಮೇನ್ ಯಾರ ಹೆಸರಿನಲ್ಲಿದೆ ಅಂತ ಇವತ್ತೇ ವಿಚಾರಿಸಿ. ಇವನ ಹೆಸರು ಇಲ್ಲಿ ಹಾಕಲ್ಲ, ದೂರು ಕೊಟ್ಟಾಗಿದೆ.