ಕೈಯಲ್ಲೇ ಕಟ್ಟಿದ ಜರ್ಮೇನಿಯಂ ಫಝ್ ಪೆಡಲ್: ವರ್ಷಗಟ್ಟಲೆ ನುಡಿಸಿದ ಮೇಲೆ

ಜರ್ಮೇನಿಯಂ ಫಝ್, ಅಂದರೆ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳಿಂದ ಗಿಟಾರ್ ಸದ್ದನ್ನು ಒರಟಾಗಿಸುವ ಪೆಡಲ್, ತಗೋಬೇಕು ಅಂತ ಇರುವವರಿಗೆ ಮೊದಲೇ ಹೇಳುತ್ತೇನೆ, ಇದರ ಅರ್ಧ ಕೆಲಸ ಇರುವುದು ಗಿಟಾರ್‌ನ ವಾಲ್ಯೂಮ್ ನಾಬ್‌ನಲ್ಲಿ. ನಾನು ಪೆಡಲ್‌ನ ಫಝ್ ನಾಬ್ ಫುಲ್ ಇಟ್ಟು ಮತ್ತೆ ಮುಟ್ಟುವುದೇ ಇಲ್ಲ. ಗಿಟಾರ್ ವಾಲ್ಯೂಮ್ 10ರಲ್ಲಿದ್ದರೆ ದಪ್ಪ, ಒರಟು ಸದ್ದು. 6ಕ್ಕೆ ಇಳಿಸಿದರೆ ಪೆಡಲ್ ಆನ್ ಇದ್ದ ಹಾಗೆಯೇ ನಾದ ತಿಳಿಯಾಗುತ್ತದೆ, ಪಿಕ್ ತಂತಿಗೆ ತಾಗುವುದು ಕೂಡ ಕೇಳಿಸುತ್ತದೆ. ಇಷ್ಟು ಚೆನ್ನಾಗಿ ಕೈಗೆ ಸ್ಪಂದಿಸುವ ಪೆಡಲ್ ನನ್ನ ಹತ್ತಿರ ಇನ್ನೊಂದಿಲ್ಲ.

ಸರ್ಕ್ಯೂಟ್ ಹಳೆಯದೇ, 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ತಂದ, ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ನುಡಿಸಿದ ಫಝ್ ಫೇಸ್ ಪೆಡಲ್‌ನದು. ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ನಾಬ್, ಅಷ್ಟೇ. ಹಾಗಾದರೆ ಇಂಥ ಪೆಡಲ್‌ಗೆ ಜಾಸ್ತಿ ದುಡ್ಡು ಯಾಕೆ ಅಂತ ಕೇಳುತ್ತಾರೆ. ಒಂದೇ ನಂಬರಿನ ಹಳೆಯ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳು ಒಂದರಂತೆ ಇನ್ನೊಂದು ಇರುವುದಿಲ್ಲ, ಒಂದರ ಗೇನ್ (ಸಿಗ್ನಲ್ ಹಿಗ್ಗಿಸುವ ಶಕ್ತಿ) ಕಮ್ಮಿ, ಇನ್ನೊಂದರಲ್ಲಿ ಲೀಕೇಜ್ (ಸುಮ್ಮನೆ ಸೋರುವ ಕರೆಂಟ್) ಜಾಸ್ತಿ, ಅದಕ್ಕೇ ಒಂದೊಂದನ್ನೂ ಅಳೆದು, ಕೇಳಿ, ಜೋಡಿ ಹುಡುಕಬೇಕು. ನನಗೆ ಮಾಡಿಕೊಟ್ಟವರು ಹಗಲು ಬೇರೆ ಕೆಲಸ ಮಾಡಿ ರಾತ್ರಿ ಇದಕ್ಕೆ ಕೂರುವವರು. ಹಿಂದಿನ ಮುಚ್ಚಳ ತೆಗೆದರೆ ಒಳಗೆ ಒಂದು ಚೀಟಿ ಅಂಟಿಸಿದ್ದಾರೆ. ಎರಡು ಟ್ರಾನ್ಸಿಸ್ಟರ್‌ಗಳ ಗೇನ್, 76 ಮತ್ತು 118. ಕೆಳಗೆ ಬಯಾಸ್, ಅಂದರೆ ಟ್ರಾನ್ಸಿಸ್ಟರ್ ಸರಿಯಾಗಿ ನುಡಿಯಲು ಹೊಂದಿಸಿಟ್ಟ ವೋಲ್ಟೇಜ್, 4.6 ವೋಲ್ಟ್. ಪೆನ್ಸಿಲ್ಲಿನಲ್ಲಿ ಬರೆದದ್ದು. ಸೋಲ್ಡರ್ ಒಂದೊಂದೂ ನುಣುಪಾಗಿ ಹೊಳೆಯುತ್ತದೆ.

ಈಗ ತೊಂದರೆಗಳು. ದೊಡ್ಡದು ಬಿಸಿಲು. ಜರ್ಮೇನಿಯಂ ಬಿಸಿಯಾದಷ್ಟೂ ಲೀಕೇಜ್ ಏರುತ್ತದೆ, ಬಯಾಸ್ ಹದ ತಪ್ಪುತ್ತದೆ. ಬೆಂಗಳೂರಿನ ಚಳಿಗಾಲದಲ್ಲಿ ಬೆಣ್ಣೆಯ ಹಾಗೆ ನುಡಿಯುವ ಪೆಡಲ್, ಏಪ್ರಿಲ್‌ನಲ್ಲಿ ಮಂಗಳೂರಿನ ಬಯಲು ವೇದಿಕೆಯ ಮೇಲೆ ಸ್ವರದ ಬಾಲವನ್ನೇ ಕತ್ತರಿಸಿತು, ಚರ್ ಚರ್ ಅನ್ನತೊಡಗಿತು. ಪುಣ್ಯಕ್ಕೆ ಒಳಗೆ ಬಯಾಸ್ ಹೊಂದಿಸುವ ಪುಟ್ಟ ಟ್ರಿಮ್‌ಪಾಟ್ ಇದೆ, ಸ್ಕ್ರೂಡ್ರೈವರ್‌ನಿಂದ ಒಂಚೂರು ತಿರುಗಿಸಿದೆ, ಸರಿಹೋಯಿತು.

ಇನ್ನೊಂದು, ನನ್ನದರಲ್ಲಿರುವುದು ಪಿಎನ್‌ಪಿ ಬಗೆಯ ಟ್ರಾನ್ಸಿಸ್ಟರ್, ಪಾಸಿಟಿವ್ ಗ್ರೌಂಡ್, ಅಂದರೆ ಸಾಮಾನ್ಯ ಪೆಡಲ್‌ಗಳಿಗೆ ತಿರುಗಾಮುರುಗಾ, ಪ್ಲಸ್ ತುದಿ ಗ್ರೌಂಡ್‌ಗೆ. ಬೇರೆ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರ್‌ಗೆ ಸೇರಿಸಬೇಡಿ, ಶಾರ್ಟ್ ಆಗುತ್ತದೆ. ನಾನು ಸಾದಾ 9 ವೋಲ್ಟ್ ಬ್ಯಾಟರಿ ಹಾಕುತ್ತೇನೆ. ಕರೆಂಟ್ ಎಳೆಯುವುದೇ ತೀರಾ ಕಮ್ಮಿ, ತಿಂಗಳುಗಟ್ಟಲೆ ಬರುತ್ತದೆ, ಆದರೆ ನುಡಿಸಿದ ಮೇಲೆ ಇನ್‌ಪುಟ್ ಕೇಬಲ್ ಕಿತ್ತಿಡಿ. ಗಿಟಾರ್ ಆದ ಮೇಲೆ ಮೊದಲ ಪೆಡಲ್ ಇದೇ ಆಗಿರಲಿ. ಮಧ್ಯೆ ಬಫರ್ (ಸಿಗ್ನಲ್ ಕುಂದದಂತೆ ಮುಂದಕ್ಕೆ ಕಳಿಸುವ ಸರ್ಕ್ಯೂಟ್) ಬಂದರೆ ಸದ್ದು ಕರ್ಕಶ, ಮೇಲೆ ಹೇಳಿದ ವಾಲ್ಯೂಮ್ ನಾಬ್‌ನ ಸುಖವೂ ಹೋಗುತ್ತದೆ.

ಫುಟ್‌ಸ್ವಿಚ್ ಒಮ್ಮೆ ಕೈಕೊಟ್ಟಿತು. ವೈರಿಂಗ್ ಎಲ್ಲ ಕಣ್ಣಿಗೆ ಕಾಣುವಂತಿದೆ, ಹೊಸದು ತಂದು ಅರ್ಧ ಗಂಟೆಯಲ್ಲಿ ಹಾಕಿದೆ.

ಮೆಟಲ್ ರಿಫ್ ನುಡಿಸುವವರಿಗೆ ಇದು ಬೇಡ. ಎಲ್ಲ ಹವಾಮಾನದಲ್ಲೂ ಒಂದೇ ಸದ್ದು ಬೇಕಿದ್ದರೆ ಸಿಲಿಕಾನ್ ಟ್ರಾನ್ಸಿಸ್ಟರ್‌ನ ಫಝ್ ತಗೊಳ್ಳಿ. ಜರ್ಮೇನಿಯಮ್ಮೇ ಬೇಕು ಅಂದರೆ ಆರ್ಡರ್ ಕೊಡುವಾಗಲೇ ಬಯಾಸ್ ನಾಬ್ ಕೇಳಿ, ಕರಾವಳಿಯವರಂತೂ ಪೆಡಲ್‌ನ ಹೊರಗಡೆಯೇ ಹಾಕಿಸಿಕೊಳ್ಳಿ.