ಒಂದೇ ಕಡಲಲ್ಲಿ ಎರಡು ಹಳೇ ಹಾಯಿದೋಣಿ

ಕಾಫಿ ಕೊಯ್ಲು ಮುಗಿಸಿ, ಫೆಬ್ರವರಿ ಕೊನೆಗೆ ಅಕ್ಕನ ಮಗನ ಜೊತೆ ಸುಂಟಿಕೊಪ್ಪದಿಂದ ಗೋವಾಕ್ಕೆ ಹೋದೆ. ಅವನಿಗೆ ಹಳೇ ಹಾಯಿದೋಣಿಯೊಂದನ್ನು ಕೊಂಡು ಲಕ್ಷದ್ವೀಪಕ್ಕೆ ಹೋಗುವ ಆಸೆ. ಕೊಚ್ಚಿಯಿಂದ ಕವರತ್ತಿಗೆ 404 ಕಿ.ಮೀ. ನಡುವೆ ಹೊಕ್ಕು ನಿಲ್ಲಲು ಒಂದು ಬಂದರೂ ಇಲ್ಲ. ನೌಕಾಪಡೆಯಲ್ಲಿದ್ದಾಗ ನಾನು ಹಾಯಿ ಕಲಿತಿದ್ದೆ. ಅದಕ್ಕೇ, 'ಮಾವ, ನೀವೇ ಬಂದು ನೋಡಿ' ಎಂದು ಕರೆದ.

ಎರಡೂ 26 ಅಡಿಯವು, ಎರಡೂ ಫೈಬರ್. ಒಂದು ಏಳೂವರೆ ಅಡಿ ಅಗಲ, 2,450 ಕಿಲೋ. ಅದರ ಕೀಲ್, ಅಂದರೆ ತಳದಿಂದ ನೀರಿಗಿಳಿದ ಭಾರದ ರೆಕ್ಕೆ, ತಳದುದ್ದಕ್ಕೂ ಇದೆ, ಚುಕ್ಕಾಣಿ ಅದರ ಹಿಂದಂಚಿಗೇ ಅಂಟಿಕೊಂಡಿದೆ. ಇನ್ನೊಂದು ಎಂಟೂವರೆ ಅಡಿ ಅಗಲ, 2,040 ಕಿಲೋ. ಕಿರಿದಾದ ಕೀಲನ್ನು ಕೆಳಗೆ ಬೋಲ್ಟ್ ಹಾಕಿ ಕೂರಿಸಿದ್ದಾರೆ, ಚುಕ್ಕಾಣಿ ಬೇರೆಯಾಗಿ ನೇತಾಡುತ್ತದೆ.

ಬೆಳಗಿನ ಮೆಲುಗಾಳಿಯಲ್ಲಿ ಅಗಲದ್ದೇ ಚೆಂದ. ಬೇಗ ಓಡುತ್ತದೆ, ಸಲೀಸಾಗಿ ತಿರುಗುತ್ತದೆ, ಒಳಗೆ ಜಾಗವೂ ಜಾಸ್ತಿ. ಹುಡುಗ ಅಲ್ಲೇ ಮನಸೋತ.

ಮಧ್ಯಾಹ್ನ ವಾಯವ್ಯದ ಗಾಳಿ 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಮುಟ್ಟಿತು. ದಡ ಕಾಣದಷ್ಟು ದೂರ ಬಂದಿದ್ದೆವು. ಮುಂದಿನ ಹಾಯಿಯನ್ನು ಗಾಳಿಗೆ ಎದುರು ಕಟ್ಟಿ, ಚುಕ್ಕಾಣಿಯನ್ನು ಬಿಗಿದು, ದೋಣಿಯನ್ನು ನಿಲ್ಲಿಸಿ ನೋಡಿದೆ. ಬಿರುಗಾಳಿಯಲ್ಲಿ ಸುಸ್ತಾದವನಿಗೆ ಇದೇ ಆಸರೆ. ಅಗಲದ್ದು ನಿಲ್ಲಲೇ ಇಲ್ಲ. ಮೂತಿ ಆ ಕಡೆ ಈ ಕಡೆ ಹೊಯ್ದಾಡುತ್ತಿತ್ತು, ಯಾರಾದರೂ ಚುಕ್ಕಾಣಿ ಹಿಡಿದೇ ಇರಬೇಕಾಯಿತು. ಮರುದಿನ ಅಷ್ಟೇ ಗಾಳಿಯಲ್ಲಿ ಸಪೂರದ್ದನ್ನು ಹಾಗೇ ನಿಲ್ಲಿಸಿದೆ. ಅಲೆಗೆ ಓರೆಯಾಗಿ ನಿಂತು, ನಿಧಾನಕ್ಕೆ ಪಕ್ಕಕ್ಕೆ ಜಾರುತ್ತಿತ್ತು, ಅಷ್ಟೇ. ಇಬ್ಬರೂ ಕೂತು ಬುತ್ತಿ ಬಿಚ್ಚಿ ಕಡಂಬುಟ್ಟು ತಿಂದೆವು. ನನಗೆ ಅಲ್ಲಿಗೇ ತೀರ್ಮಾನವಾಯಿತು.

ದೋಣಿ ಮಗುಚುವ ಅಪಾಯ ಎಷ್ಟು ಅನ್ನುವ ಲೆಕ್ಕವನ್ನೂ ಹಾಕಿದೆ. ಅಡಿಗಳಲ್ಲಿ ಅಳೆದ ಅಗಲವನ್ನು, ಪೌಂಡಿನ ತೂಕವನ್ನು 64ರಿಂದ ಭಾಗಿಸಿ ತೆಗೆದ ಘನಮೂಲದಿಂದ ಭಾಗಿಸಬೇಕು. ದೂರದ ಕಡಲಿಗೆ 2ಕ್ಕಿಂತ ಕಡಿಮೆ ಬಂದರೆ ಒಳ್ಳೆಯದು. ಸಪೂರದ್ದು 1.71, ಅಗಲದ್ದು 2.06. ಭಾರ ಎಷ್ಟು ಕೆಳಗಿದೆ ಅನ್ನುವುದನ್ನು ಈ ಲೆಕ್ಕ ನೋಡುವುದಿಲ್ಲ, ಹಾಗಾಗಿ ಇದೊಂದನ್ನೇ ನಂಬಬಾರದು. ಅಭಿಲಾಷ್ ಟೋಮಿ 2023ರಲ್ಲಿ ಎರಡನೆಯವರಾಗಿ ಮುಗಿಸಿದ, ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ರೇಸಿನಲ್ಲೂ ಉದ್ದ ಕೀಲಿನ ದೋಣಿಗಳೇ, ಆದರೆ ಅವು 32ರಿಂದ 36 ಅಡಿಯವು.

ಕಾಕ್‌ಪಿಟ್‌ಗೆ, ಅಂದರೆ ಚುಕ್ಕಾಣಿ ಹಿಡಿದು ಕೂರುವ ಹಿಂದಿನ ಗುಂಡಿಗೆ, ಬಕೆಟ್‌ನಲ್ಲಿ ನೀರು ತುಂಬಿಸಿಯೂ ನೋಡಿದೆವು. ಸಪೂರದ್ದು ಮೂರು ನಿಮಿಷದಲ್ಲಿ ಖಾಲಿಯಾಯಿತು. ಅಗಲದ್ದಕ್ಕೆ ಒಂಬತ್ತು ನಿಮಿಷ ಬೇಕಾಯಿತು. ಒಂದು ಘನ ಮೀಟರ್ ನೀರು ಅಂದರೆ ಒಂದು ಟನ್. ಅಷ್ಟು ಭಾರ ಹಿಂದೆ ಕೂತಿರುವಾಗ ಮುಂದಿನ ಅಲೆ ಕಾಯುತ್ತದೆಯೇ?

ಹಾಗಂತ ಸಪೂರದ್ದು ಸರಿಯಾಗಿಯೇ ಇತ್ತು ಎಂದಲ್ಲ. ಹಲಸಿನ ಹಣ್ಣು ಬಡಿದು ನೋಡುವ ಹಾಗೆ ಸ್ಕ್ರೂಡ್ರೈವರ್ ಹಿಡಿಯಿಂದ ಡೆಕ್ (ದೋಣಿಯ ಮೇಲ್ಹಾಸು) ಬಡಿಯುತ್ತಾ ಹೋದೆ. ಹಾಯಿಕಂಬದ ತಂತಿ ಕಚ್ಚುವ ಪಟ್ಟಿಯ ಹತ್ತಿರ ಟಣ್ ಅನ್ನುವುದು ನಿಂತು ದಬ್ ಅಂದಿತು. ಫೈಬರಿನ ಪದರಗಳ ಒಳಗಿನ ಮರ ಕೊಳೆತಿದೆ. ಕೆಳಗೆ ಇಣುಕಿದರೆ ಕಂದು ಗೆರೆ ಇಳಿದಿತ್ತು. ಆ ಪಟ್ಟಿ ಕಿತ್ತರೆ ಕಂಬವೇ ಬೀಳುತ್ತದೆ.

ಆ ರಿಪೇರಿಯ ಖರ್ಚು ಕಳೆದು ಸಪೂರದ್ದನ್ನೇ ಕೊಂಡ. ಡೆಕ್ ಬಿಚ್ಚಿ ಮರ ಬದಲಿಸಿ, ತಂತಿಗಳನ್ನೆಲ್ಲ ಹೊಸದಾಗಿ ಹಾಕುವವರೆಗೆ ದಡ ಮರೆಯಾಗುವಷ್ಟು ದೂರ ಹೋಗಬೇಡ ಎಂದಿದ್ದೇನೆ. ಒಪ್ಪಿದ್ದಾನೆ.