ಟಮ್ಮಿ ಟಕ್ ನಂತರ ತುಂಬುವ ನೀರು: ಡ್ರೈನ್, ಬೆಲ್ಟ್, ಸೂಜಿ, ಮಸಾಜ್

ಟಮ್ಮಿ ಟಕ್, ಅಂದರೆ ಹೊಟ್ಟೆಯ ಸಡಿಲ ಚರ್ಮ ಮತ್ತು ಕೊಬ್ಬು ತೆಗೆದು ಬಿಗಿಯಾಗಿ ಹೊಲಿಯುವ ಆಪರೇಷನ್, ಆದ ಮೇಲೆ ಹೊಟ್ಟೆ ಊದಿಕೊಳ್ಳುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ ಇರುತ್ತವೆ. ಒಂದು, ಚರ್ಮ ಮತ್ತು ಕೊಬ್ಬಿನೊಳಗೆ ಹರಡಿದ ಬಾವು. ಇದು ಗಟ್ಟಿ, ಸಂಜೆ ಹೊತ್ತಿಗೆ ಜಾಸ್ತಿ, ಬೆಳಿಗ್ಗೆ ಕಡಿಮೆ. ಇನ್ನೊಂದು, ಎತ್ತಿ ಎಳೆದು ಹೊಲಿದ ಚರ್ಮದ ಕೆಳಗೆ ಒಂದು ಕಡೆ ನಿಂತ ನೀರು. ಇದಕ್ಕೆ ಸೆರೋಮಾ ಅಂತಾರೆ. ಒಂದು ಬದಿ ಮೆಲ್ಲಗೆ ತಟ್ಟಿದರೆ ನೀರು ತುಂಬಿದ ಚೀಲದ ಹಾಗೆ ಇನ್ನೊಂದು ಬದಿ ಅಲುಗುತ್ತದೆ. ಬಾವು ಇಳಿಸುವ ಉಪಾಯ ಸೆರೋಮಾಗೆ ನಾಟುವುದಿಲ್ಲ. ಹಾಗಾಗಿ ನಾನು ನೋಡಿದ ದಾರಿಗಳನ್ನು ಈ ಲೆಕ್ಕದಲ್ಲೇ ತೂಗುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಡ್ರೈನ್. ಕಿರಿಕಿರಿ ಜಾಸ್ತಿ ಕೊಟ್ಟದ್ದೂ ಅದೇ. ಚರ್ಮದಡಿಯಿಂದ ಒಂದು ಟ್ಯೂಬು ಹೊರಬರುತ್ತದೆ, ಅದರ ತುದಿಗೆ ಮೆತ್ತನೆಯ ಬಲ್ಬು. ಬಲ್ಬನ್ನು ಖಾಲಿ ಮಾಡಿ, ಚೆನ್ನಾಗಿ ಹಿಂಡಿ, ಹಿಂಡಿದ ಹಾಗೇ ಮುಚ್ಚಳ ಹಾಕಬೇಕು. ಅದು ಮತ್ತೆ ಉಬ್ಬಲು ನೋಡುವಾಗ ಒಳಗಿನ ನೀರನ್ನು ಎಳೆಯುತ್ತದೆ. ಬಲ್ಬು ಗಾಳಿ ತುಂಬಿ ಉಬ್ಬಿ ಕೂತಿದ್ದರೆ ಎಳೆತ ನಿಂತಿದೆ ಅಂತಲೇ ಅರ್ಥ. ಟ್ಯೂಬಿನಲ್ಲಿ ಹೆಪ್ಪು ಸಿಕ್ಕಿಕೊಂಡರೆ, ಚರ್ಮದ ಹತ್ತಿರ ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯ ಬೆರಳಲ್ಲಿ ಬಲ್ಬಿನ ಕಡೆಗೆ ಒತ್ತುತ್ತಾ ಎಳೆಯಬೇಕು. ಆಸ್ಪತ್ರೆ ಬಿಡುವ ಮೊದಲೇ ನರ್ಸ್ ಹತ್ತಿರ ಇದನ್ನು ಮಾಡಿ ತೋರಿಸಿಕೊಳ್ಳಿ. ನೀರು ಮೊದಲು ಕೆಂಪಗಿರುತ್ತದೆ, ಆಮೇಲೆ ಗುಲಾಬಿ, ಕೊನೆಗೆ ತಿಳಿ ಹಳದಿ. 24 ಗಂಟೆಗೆ ಸುಮಾರು 30 ಮಿ.ಲೀ.ಗಿಂತ ಕಡಿಮೆಯಾದಾಗ ಸಾಮಾನ್ಯವಾಗಿ ಡ್ರೈನ್ ತೆಗೆಯುತ್ತಾರೆ. ಎಷ್ಟೇ ಬೇಜಾರಾದರೂ ಬೇಗ ತೆಗೆಯಿರಿ ಅಂತ ದುಂಬಾಲು ಬೀಳಬೇಡಿ. ಕೆಲವು ಸರ್ಜನ್‌ಗಳು ಚರ್ಮವನ್ನು ಒಳಗಿನ ಪದರಕ್ಕೆ ಅಲ್ಲಲ್ಲಿ ಹೊಲಿದು, ನೀರು ನಿಲ್ಲಲು ಜಾಗವೇ ಉಳಿಯದ ಹಾಗೆ ಮಾಡುತ್ತಾರೆ. ಆಗ ಡ್ರೈನ್ ಬೇಡವಾಗಲೂಬಹುದು. ಆಪರೇಷನ್‌ಗೆ ಮೊದಲೇ ಕೇಳಿ.

ಹೊಟ್ಟೆಯನ್ನು ಒತ್ತಿ ಹಿಡಿಯುವ ಬೆಲ್ಟಿನಲ್ಲಿ ಎರಡು ಥರ ಹಾಕಿ ನೋಡಿದೆ. ವೆಲ್ಕ್ರೋ ಬೆಲ್ಟ್ ಮಲಗಿದಲ್ಲೇ ಬಿಚ್ಚಿ ಕಟ್ಟಬಹುದು, ಡ್ರೈನ್ ಟ್ಯೂಬಿಗೆ ತೊಂದರೆಯಿಲ್ಲ, ಊದಿದಂತೆ ಸಡಿಲ ಮಾಡಬಹುದು. ಆದರೆ ಕೂತಾಗ ಮೇಲಕ್ಕೆ ಸುರುಳಿ ಸುತ್ತುತ್ತದೆ. ಸುತ್ತಿದ ಕಡೆ ಚರ್ಮಕ್ಕೆ ಗೆರೆ ಬೀಳುತ್ತದೆ, ಒತ್ತಡವೂ ಒಂದೇ ಕಡೆ ಬೀಳುತ್ತದೆ. ತೊಡೆಯವರೆಗೆ ಬರುವ ಬಿಗಿ ಸೂಟ್ ಒಂದೇ ಸಮ ಒತ್ತುತ್ತದೆ, ಬಾವು ಇಳಿಯಲು ನನಗೆ ಇದೇ ಮೇಲು. ಆದರೆ ಹೊಲಿಗೆ ಎಳೆಯುತ್ತದೆ ಅಂತ ಬಾಗಿಯೇ ನಡೆಯುವ ಮೊದಲ ದಿನಗಳಲ್ಲಿ ಅದನ್ನು ಹಾಕುವುದು ನರಕ. ಡ್ರೈನ್ ಇರುವವರೆಗೆ ಬೆಲ್ಟ್, ತೆಗೆದ ಮೇಲೆ ಸೂಟ್, ಇದು ನನ್ನ ಆಯ್ಕೆ. ಯಾವುದೇ ಆಗಲಿ, ಉಸಿರು ಪೂರ್ತಿ ಎಳೆಯಲು ಆಗದಷ್ಟು ಬಿಗಿ ಬೇಡ.

ಇಷ್ಟಾದರೂ ಡ್ರೈನ್ ತೆಗೆದ ಮೇಲೆ ಹೊಕ್ಕುಳಿನ ಕೆಳಗೆ ನೀರು ನಿಂತಿತು. ಆಗ ಬೆಲ್ಟ್ ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಸೂಜಿಯೇ ಬೇಕು. ಹೆದರುವಂಥದ್ದೇನಿಲ್ಲ. ಅಲ್ಲಿನ ಚರ್ಮ ಇನ್ನೂ ಮರಗಟ್ಟಿರುವುದರಿಂದ ನನಗೆ ಚುಚ್ಚಿದ್ದು ಸರಿಯಾಗಿ ಗೊತ್ತೇ ಆಗಲಿಲ್ಲ. ಸಿರಿಂಜಿನೊಳಗೆ ತಿಳಿ ಹಳದಿ ನೀರು ಏರುತ್ತಾ ಹೋದಂತೆ ಉಬ್ಬು ಕಣ್ಣೆದುರೇ ತಗ್ಗಿತು. ಒಂದೇ ಸಲಕ್ಕೆ ಮುಗಿಯದಿರಬಹುದು, ಮತ್ತೆ ತುಂಬುವುದುಂಟು. ಪದೇ ಪದೇ ತುಂಬಿದರೆ ಮತ್ತೆ ಡ್ರೈನ್ ಹಾಕಬೇಕಾಗಬಹುದು. ಜ್ವರ, ಹರಡುವ ಕೆಂಪು, ವಾಸನೆ ಬರುವ ಅಥವಾ ಮಬ್ಬಾದ ನೀರು, ಹಠಾತ್ತಾಗಿ ಕೆಂಪು ರಕ್ತ ಕಂಡರೆ ಮುಂದಿನ ಭೇಟಿಗೆ ಕಾಯಬೇಡಿ, ಆಗಲೇ ಫೋನ್ ಮಾಡಿ. ಒಂದೇ ಕಾಲು ಊದಿದರೆ ಅಥವಾ ಉಸಿರು ಕಟ್ಟಿದರೆ ಸೀದಾ ಎಮರ್ಜೆನ್ಸಿಗೆ ಹೋಗಿ.

ಲಿಂಫ್ ಮಸಾಜ್, ಅಂದರೆ ಚರ್ಮದಡಿಯ ತಿಳಿ ದ್ರವ ಹರಿದುಹೋಗಲಿ ಅಂತ ಮಾಡುವ ಮಸಾಜ್, ಇದರ ಬಗ್ಗೆ ಹೊಗಳಿಕೆ ಜಾಸ್ತಿ. ಸರ್ಜನ್ ಒಪ್ಪಿದ ಮೇಲೆ ಮಾಡಿಸಿಕೊಂಡೆ. ಹಗುರ ಕೈಯ ಮಸಾಜ್, ನೋವಿಲ್ಲ, ಬಿಗಿತ ಕಡಿಮೆಯಾಗಿ ಹಾಯ್ ಅನ್ನಿಸಿತು. ಆದರೆ ಅದು ಬಾವು ಇಳಿಸಲು ಮಾತ್ರ. ನಿಂತ ನೀರನ್ನು ಉಜ್ಜಿ ಓಡಿಸಲು ಆಗುವುದಿಲ್ಲ. ನನಗೆ ಮಾಡಿದವರು ಪ್ರತಿ ಸಲ ಮೊದಲು ಹೊಟ್ಟೆ ತಟ್ಟಿ, ಎಲ್ಲೂ ಅಲುಗುತ್ತಿಲ್ಲ ಅಂತ ನೋಡಿಯೇ ಕೈ ಇಡುತ್ತಿದ್ದರು. ಹಾಗೆ ನೋಡದವರ ಹತ್ತಿರ ನಾನಂತೂ ಹೋಗುವುದಿಲ್ಲ.